ಕಂಠಪಾಠಕ್ಕೆ ಅಂಕ, ಅರ್ಥಕ್ಕೆ ಗೈಡ್

ಸಿರುಗುಪ್ಪದ ಒಂದು ಪ್ರೌಢಶಾಲೆಗೆ ಕಂಠಪಾಠ ಸ್ಪರ್ಧೆಯ ತೀರ್ಪುಗಾರನಾಗಿ ಹೋಗಿದ್ದೆ. ಕುಮಾರವ್ಯಾಸ ಭಾರತದಲ್ಲಿ ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಭಾಗ. ಹನ್ನೊಂದು ಮಕ್ಕಳು ಹಾಡಿದರು. ಹನ್ನೊಂದು ಮಂದಿಯದೂ ಒಂದೇ ಧಾಟಿ, ಒಂದೇ ಜಾಗದಲ್ಲಿ ಮೇಲೇಳುವ ಒಂದೇ ಕೈ. ಮೊಬೈಲಿನಲ್ಲಿ ಕೇಳಿ ಕಲಿತದ್ದು ಎಂದು ಆಮೇಲೆ ಗೊತ್ತಾಯಿತು. ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ಎಲ್ಲರೂ ಪ್ರತಿ ಸಾಲಿನ ಕೊನೆಗೆ ನಿಂತರು. ಪದ ಅರ್ಧಕ್ಕೆ ತುಂಡಾದಲ್ಲಿಯೂ ನಿಂತರು.

ಷಟ್ಪದಿ ಬಲ್ಲವರಿಗೆ ಇದರ ಕಷ್ಟ ಗೊತ್ತು. ಭಾಮಿನಿಯಲ್ಲಿ ಮೂರು-ನಾಲ್ಕು ಮಾತ್ರೆಗಳ ನಡೆ; ಮೂರನೆಯ ಮತ್ತು ಆರನೆಯ ಸಾಲುಗಳು ಉದ್ದ. ಛಂದಸ್ಸಿನ ಲೆಕ್ಕಕ್ಕೆ ಪದವೇ ಒಡೆದು ಮುಂದಿನ ಸಾಲಿಗೆ ಹರಿಯುತ್ತದೆ. ಮಾತು ಮುಗಿಯುವ ಜಾಗ ಬೇರೆ, ಸಾಲು ಮುಗಿಯುವ ಜಾಗ ಬೇರೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ತಿಳಿಯಲು ಮೊದಲು ಅರ್ಥ ತಿಳಿಯಬೇಕು.

ಮೊದಲ ಬಹುಮಾನ ಪಡೆದ ಹುಡುಗಿಯನ್ನು ಕೇಳಿದೆ: "ಕರ್ಣನ ಕಣ್ಣಲ್ಲಿ ನೀರು ಬಂತಲ್ಲಮ್ಮ, ಆಗ ಅವನು ಆಡುವ ಮಾತು ದುಃಖದ್ದೋ, ಕೃಷ್ಣನ ಮೇಲಿನ ಸಿಟ್ಟಿನದೋ?" ಅವಳು ಮೇಷ್ಟರ ಮುಖ ನೋಡಿ, "ಅದು ಪರೀಕ್ಷೆಗೆ ಬರಲ್ರಿ ಸರ್" ಎಂದಳು. ಅವಳು ಮುಸ್ಲಿಮರ ಮನೆಯ ಹುಡುಗಿ. ಬಹುಮಾನ ಕೊಟ್ಟವರು, "ಮುಸ್ಲಿಮಳಾಗಿಯೂ ಎಷ್ಟು ಶುದ್ಧ ಕನ್ನಡ!" ಎಂದು ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ನನಗೆ ತಟ್ಟಲಾಗಲಿಲ್ಲ. ಕರ್ಣನ ಬಗ್ಗೆ ನಿನಗೇನನ್ನಿಸುತ್ತದೆ ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಮನೆಯ ಮಗಳನ್ನು ಅತಿಥಿಯಂತೆ ಹೊಗಳಿ ಕಳಿಸಿದ್ದೆವು.

ಬಾಯಿಪಾಠ ಮಾಡಿಸುವುದೇ ತಪ್ಪು ಎನ್ನುವವನು ನಾನಲ್ಲ. ನಮ್ಮ ಗಮಕ ಕಲೆ ನಿಂತಿರುವುದೇ ಬಾಯಿಯ ಮೇಲೆ. ಆದರೆ ಅಲ್ಲಿ ವಾಚನ ಮಾಡುವವರ ಪಕ್ಕದಲ್ಲಿ ವ್ಯಾಖ್ಯಾನ ಮಾಡುವವರೂ ಕೂತಿರುತ್ತಾರೆ. ಒಬ್ಬರು ರಾಗದಲ್ಲಿ ಓದುತ್ತಾರೆ, ಇನ್ನೊಬ್ಬರು ಬಿಡಿಸಿ ಹೇಳುತ್ತಾರೆ. 1910ರಲ್ಲಿ ಹುಟ್ಟಿದ ನಮ್ಮ ಜೋಳದರಾಶಿ ದೊಡ್ಡನಗೌಡರು ನಟರಾಗಿ ಹೇಗೋ ಹಾಗೆಯೇ ಗಮಕಿಯಾಗಿಯೂ ಹೆಸರಾದವರು. ಅಂಥವರ ಸೀಮೆಯಲ್ಲಿ ಇವತ್ತು ತರಗತಿ ಈ ಜೋಡಿಯನ್ನು ಒಡೆದಿದೆ. ವಾಚನ ಮಗುವಿಗೆ, ವ್ಯಾಖ್ಯಾನ ಗೈಡಿಗೆ.

ಉರ್ದುವಿನ ಕಡೆಯ ಕಥೆ ಇದಕ್ಕಿಂತ ಚೆನ್ನಾಗಿದೆ ಎಂದು ಯಾರೂ ಬೀಗಬೇಕಿಲ್ಲ. ಬಳ್ಳಾರಿಯಲ್ಲಿ ನಾನು ಉರ್ದು ಶಾಲೆಗೆ ಹೋಗುವಾಗ ಬೈತ್‌ಬಾಜಿ ಆಡುತ್ತಿದ್ದೆವು. ಒಬ್ಬನ ಶೇರ್ ಮುಗಿದ ಅಕ್ಷರದಿಂದ ಇನ್ನೊಬ್ಬ ಶುರು ಮಾಡಬೇಕು. ಗಾಲಿಬ್, ಮೀರ್ ಎಲ್ಲ ನಾಲಿಗೆಯ ತುದಿಯಲ್ಲಿದ್ದರು. ತಲೆಯೊಳಗೆ ಯಾರೂ ಇಳಿದಿರಲಿಲ್ಲ. ದಖ್ಖನಿ ಮಾತಾಡುವ ನಮ್ಮ ಬಾಯಲ್ಲಿ 'ಕಲಮ್' ಎಂಬುದು 'ಖಲಮ್' ಆದರೆ ಪೆಟ್ಟು ಬೀಳುತ್ತಿತ್ತು. ಬಿಜಾಪುರದ ನುಸ್ರತಿ ಈ ದಖ್ಖನಿಯಲ್ಲೇ ಮಹಾಕಾವ್ಯ ಬರೆದವನು ಎಂದು ಆಗ ಯಾರೂ ಹೇಳಲಿಲ್ಲ. ಮುಶಾಯಿರಾದಲ್ಲಿ ಕವಿ ಮೊದಲ ಸಾಲನ್ನು ಎರಡು ಸಲ ಹೇಳಿ ತಡೆಯುತ್ತಾನೆ. ಮುಂದೇನು ಎಂದು ಕೇಳುವವರು ಊಹಿಸುತ್ತಾರೆ, ರದೀಫ್ ಬಂದಾಗ ತಾವೂ ದನಿಗೂಡಿಸುತ್ತಾರೆ. ಈ ಊಹೆಯ ಸುಖ ತರಗತಿಯೊಳಗೆ ಬರಲೇ ಇಲ್ಲ.

ಹಾಗೆಂದು ಎಲ್ಲ ಕಡೆ ಹೀಗೇ ಎಂದಲ್ಲ. ಕುರುಗೋಡಿನ ಒಂದು ತರಗತಿಯಲ್ಲಿ ಅದೇ ಕರ್ಣನ ಭಾಗವನ್ನು ಕನ್ನಡದ ಮೇಡಂ ಇಬ್ಬರು ಹುಡುಗರಿಂದ ಓದಿಸಿದರು. ಒಬ್ಬ ಅಳುವಂತೆ ಓದಿದ, ಇನ್ನೊಬ್ಬ ಕೃಷ್ಣನನ್ನು ಬೈಯುವಂತೆ ಓದಿದ. ಯಾರದು ಸರಿ ಎಂದು ತರಗತಿ ಎರಡಾಯಿತು. ಹಿಂದಿನ ಬೆಂಚಿನ ಒಬ್ಬ ಎದ್ದು, "ಸಾಕಿದವನಿಗೆ ಮೋಸ ಮಾಡು ಅಂದ್ರ ಸಿಟ್ಟೂ ಬರ್ತೈತಿ, ಅಳೂನೂ ಬರ್ತೈತಿ ಮೇಡಂ" ಎಂದ. ಯಾವ ಗೈಡಿನಲ್ಲೂ ಇಲ್ಲದ ವ್ಯಾಖ್ಯಾನ ಅದು. ಆಮೇಲೆ ಅವನೇ ಓದಿದ. ರಾಗ ಅಷ್ಟಕ್ಕಷ್ಟೆ, ಆದರೆ ನಿಲ್ಲಬೇಕಾದಲ್ಲಿ ನಿಂತ.

ಈ ನಿಲ್ಲುವ ವಿದ್ಯೆ ನಮ್ಮ ಮಕ್ಕಳಿಗೆ ಹೊಸದೇನಲ್ಲ. ಬೆಳಿಗ್ಗೆ ಮದರಸಾದಲ್ಲಿ ಕುರ್‌ಆನ್ ಓದುವ ಮಗು 'ವಕ್ಫ್' ಕಲಿಯುತ್ತದೆ. ನಿಲ್ಲಬಾರದಲ್ಲಿ ನಿಂತರೆ ಅರ್ಥ ಕೆಡುತ್ತದೆ ಎಂದು ಅದಕ್ಕೆ ಗೊತ್ತು. ಹತ್ತು ಗಂಟೆಗೆ ಶಾಲೆಗೆ ಬಂದ ಅದೇ ಮಗು ಷಟ್ಪದಿಯ ಮುಂದೆ ಅದನ್ನು ಮರೆಯುತ್ತದೆ. ಇಲ್ಲಿಯೂ ಅರ್ಥ ಕೆಡುತ್ತದೆ ಎಂದು ನಾವೇ ಹೇಳಿಕೊಟ್ಟಿಲ್ಲ.

ಪ್ರತಿಭಾ ಕಾರಂಜಿಯಂಥ ವೇದಿಕೆಗಳಲ್ಲಿ ಕಂಠಪಾಠ, ಕವ್ವಾಲಿ, ಸಂಸ್ಕೃತ-ಅರೇಬಿಕ್ ಪಠಣ ಎಲ್ಲಕ್ಕೂ ಜಾಗವಿದೆ. ಅದು ಸಂತೋಷದ ಸಂಗತಿಯೇ. ಹಾಡಿ ಮುಗಿಸಿದ ಮಗುವಿಗೆ ಒಂದೇ ಒಂದು ಪ್ರಶ್ನೆ ಕೇಳುವ ರೂಢಿ ಬಂದರೆ ಸಾಕು: "ಇಲ್ಲಿ ಯಾಕೆ ನಿಂತೆ?" ಉತ್ತರ ತಪ್ಪಾದರೂ ಚಿಂತೆಯಿಲ್ಲ. ತನ್ನದೊಂದು ಉತ್ತರವಿರುವ ಮಗುವಿಗೆ ಕಾವ್ಯ ತನ್ನದಾಗುತ್ತದೆ. ಆಗ ಸಿರುಗುಪ್ಪದ ಆ ಹುಡುಗಿಯನ್ನು ಯಾರೂ ಅತಿಥಿಯೆಂದು ಹೊಗಳಬೇಕಾಗುವುದಿಲ್ಲ.