ಮಣ್ಣಿನ ಪೈಲ್ವಾನ, ಮ್ಯಾಟಿನ ಗಡಿಯಾರ

ಖಾನಾಪುರ ಕಡೆಯ ಜಾತ್ರೆಗಳಲ್ಲಿ ಗೆದ್ದು, ಬೆಳಗಾವಿ ಮೈದಾನದಲ್ಲೂ ಹೆಸರು ಮಾಡಿದ ಪೈಲ್ವಾನ ಮ್ಯಾಟ್ ಮೇಲೆ ಮೊದಲ ಸುತ್ತಿನಲ್ಲೇ ಸೋತು ಬಂದರೆ ನಮ್ಮವರ ಷರಾ ಒಂದೇ: 'ಈಗಿನ ಹುಡುಗರಿಗೆ ದಮ್ ಇಲ್ರಿ.' ನನಗಿದು ಒಪ್ಪಿಗೆಯಿಲ್ಲ. ಅವನ ಹತ್ತಿರ ಧಾರಾಳವಾಗಿ ಇರೋದೇ ದಮ್ಮು.

ನಿಕಾಲಿ ಕುಸ್ತಿ ಅಂದರೆ ಎದುರಾಳಿ ಚಿತ್ ಆಗುವ ತನಕ. ಅರ್ಧ ಗಂಟೆಯಾದರೂ ಸರಿ, ದಣಿಸಿ, ಕಾದು, ಒಂದೇ ಪಟ್ಟು ಹಾಕುವುದು ಅಲ್ಲಿಯ ಜಾಣತನ. ಮ್ಯಾಟ್ ಮೇಲೆ ಮೂರು ಮೂರು ನಿಮಿಷದ ಎರಡು ಸುತ್ತು, ಅಷ್ಟೇ. ಕಾಯುತ್ತ ನಿಂತರೆ ರೆಫರಿ ಗದರಿಸ್ತಾನೆ. ಗೆರೆಯಾಚೆ ಕಾಲಿಟ್ಟರೆ ಎದುರಿನವನಿಗೆ ಪಾಯಿಂಟ್. ಫ್ರೀಸ್ಟೈಲ್‌ನಲ್ಲಿ 10 ಪಾಯಿಂಟ್ ಹಿಂದೆ ಬಿದ್ದರೆ ಬೆನ್ನು ನೆಲಕ್ಕೆ ತಾಗದೆಯೇ ಸೋಲು! ಮಣ್ಣಲ್ಲಿ ಚಡ್ಡಿ ಹಿಡಿದು ಎತ್ತಬಹುದು, ಇಲ್ಲಿ ಬಟ್ಟೆ ಮುಟ್ಟುವಂತಿಲ್ಲ. ವರ್ಷಗಟ್ಟಲೆ ಪಳಗಿದ ಕೈ ಮಾತ್ರ ತಂತಾನೇ ಅಲ್ಲಿಗೇ ಹೋಗ್ತದೆ.

ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮ್ಯಾಟ್ ಅವರಿಗೆ ಹೊಸದು. ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು. ಅವರೂ ಮಣ್ಣಿನವರೇ, ಆದರೆ ನಡುವೆ ನಾಲ್ಕು ವರ್ಷ ಸಿಕ್ಕಿತ್ತು.

ನಮ್ಮ ಹುಡುಗನಿಗೆ ಆ ನಾಲ್ಕು ವರ್ಷ ಯಾರು ಕೊಡ್ತಾರೆ? ಹಾಲು, ತುಪ್ಪ, ಬಾದಾಮಿಯ ಖರ್ಚು ಹುಟ್ಟೋದೇ ಜಾತ್ರೆಯ ಬಹುಮಾನದಿಂದ. ಮ್ಯಾಟ್ ಕಲಿಯೋಕೆ ಸೀಸನ್ ಬಿಟ್ಟರೆ ಅದೂ ಹೋಯ್ತು. (ಸಂಬಳ ಬಿಟ್ಟು ಹೊಸ ಕೋಡಿಂಗ್ ಕಲಿ ಅಂದರೆ ನಮ್ಮ ಟೀಮಲ್ಲಿ ಎಷ್ಟು ಜನ ಎದ್ದೇಳ್ತಾರೆ?) ಗೆದ್ದವನ ಹೆಗಲಿಗೆ ಗದೆ ಏರಿಸಿ ಫೋಟೊ ತೆಗೆಸಿಕೊಳ್ಳುವ ಕಮಿಟಿಯವರು ಒಂದು ವರ್ಷ ಆ ಪೆಂಡಾಲಿನ ದುಡ್ಡಲ್ಲಿ ಊರ ಗರಡಿಮನೆಗೆ ಮ್ಯಾಟ್ ಹಾಸಿ ನೋಡಲಿ.