ಬಣ್ಣ ಕೂರದ ಜಾಗ

ಸ್ಲೈಡ್ ನೋಡುವವರ ಕಣ್ಣು ಬಣ್ಣ ಕೂತ ಕಡೆಗೆ ಓಡುತ್ತದೆ. ಹೃದಯದ ಟ್ರೊಪೋನಿನ್ ಸ್ಲೈಡಿನಲ್ಲಿ ಮಾತ್ರ ಬಣ್ಣ ಕೂರದ ಜಾಗವೇ ಸಾಕ್ಷಿ. ಸ್ನಾಯು ಬಿಗಿಯುವುದನ್ನೂ ಸಡಿಲುವುದನ್ನೂ ಹತೋಟಿಯಲ್ಲಿಡುವ ಈ ಪ್ರೋಟೀನನ್ನು ಜಪಾನಿನ ಸೆತ್ಸುರೊ ಎಬಾಶಿ 1960ರ ದಶಕದಲ್ಲಿ ಗುರುತಿಸಿದರು. ಹೃದಯದ ಟ್ರೊಪೋನಿನ್-ಐಗೆ ಕೈಕಾಲಿನ ಸ್ನಾಯುವಿನಲ್ಲಿಲ್ಲದ, ಸುಮಾರು 30 ಅಮೈನೋ ಆಮ್ಲಗಳ ತುದಿಯೊಂದಿದೆ. ಹೃದಯದ್ದನ್ನಷ್ಟೇ ಹಿಡಿಯುವ ಪ್ರತಿಕಾಯಗಳು ಸಾಧ್ಯವಾದದ್ದು ಇಂಥ ವ್ಯತ್ಯಾಸಗಳಿಂದ; ಪ್ರತಿಕಾಯ ಹಿಡಿದ ಕಡೆ ಸ್ಲೈಡಿನಲ್ಲಿ ಕಂದು ಬಣ್ಣ ಕೂರುತ್ತದೆ. ರಕ್ತ ಸಿಗದೆ ಸತ್ತ ಕೋಶದ ಪೊರೆ ಹರಿದಾಗ ಟ್ರೊಪೋನಿನ್ ಸೋರಿಹೋಗುತ್ತದೆ. ಎದೆನೋವಿನವರ ರಕ್ತದಲ್ಲಿ ಹುಡುಕುವುದು ಆ ಸೋರಿಕೆಯನ್ನು. ಸ್ಲೈಡಿನಲ್ಲಿ ಕಾಣುವುದು ಅದು ಬಿಟ್ಟುಹೋದ ಬರಿದು, ಕಂದು ನೆಲದ ನಡುವೆ ಬಿಳಿಚಿದ ತೇಪೆ.

ಇದು ನಮ್ಮ ಬೆಳಗಾವಿ ಕಡೆಗೆ ಬೇಕಾದ ಬಣ್ಣ. ಕೃಷ್ಣೆಯ ದಂಡೆಯ ಅಂಕಲಿಯಲ್ಲಾಗಲಿ, ರಾಯಬಾಗದ ಕಬ್ಬಿನ ಹೊಲದಲ್ಲಾಗಲಿ ದಿಢೀರನೆ ಬಿದ್ದು ಸತ್ತವರಿಗೆ ‘ಹಾರ್ಟ್ ಅಟ್ಯಾಕ್’ ಎಂಬ ಊಹೆಯೇ ಕೊನೆಯ ಷರಾ ಆಗಿಬಿಡುತ್ತದೆ. ಹಾಸನದ ಸರಣಿ ಹೃದಯಾಘಾತದ ಸಾವುಗಳ ನಂತರ, 2025ರ ಜುಲೈನಲ್ಲಿ, ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಕಡ್ಡಾಯ ಮಾಡುವುದಾಗಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು. ಸ್ವಾಗತಾರ್ಹ ಮಾತು. ಆದರೆ ಹೃದಯಾಘಾತದ ಮೊದಲ ನಾಲ್ಕಾರು ತಾಸಿನಲ್ಲಿ ಸತ್ತವರ ಹೃದಯ ಬರಿಗಣ್ಣಿಗೆ ಸಹಜವಾಗಿಯೇ ಕಾಣುತ್ತದೆ, ನಿತ್ಯದ ಹೆಮಟಾಕ್ಸಿಲಿನ್-ಇಯೋಸಿನ್ ಬಣ್ಣವೂ ಹೆಚ್ಚೇನೂ ಹೇಳುವುದಿಲ್ಲ. ಟ್ರೊಪೋನಿನ್ ಬರಿದಾಗುವುದು ಇವೆರಡರಲ್ಲಿ ಏನಾದರೂ ಕಾಣುವ ಮೊದಲೇ.

ತಾಲ್ಲೂಕಿನಲ್ಲಿ ಇದೆಲ್ಲಾ ಎಲ್ಲಿ ಸಾಧ್ಯ ಎನ್ನುವವರಿದ್ದಾರೆ. ತಾಲ್ಲೂಕಿನಲ್ಲಿ ಬೇಕಾದದ್ದು ಫಾರ್ಮಲಿನ್ ಬಾಟಲಿ, ಸರಿಯಾದ ಜಾಗದಿಂದ ಕೊಯ್ದ ತುಣುಕು, ಅಷ್ಟೇ. ಬಣ್ಣ ಹಾಕುವ ಕೆಲಸ ಬೆಳಗಾವಿಯಲ್ಲಾಗಲಿ. 1963ರಿಂದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅಲ್ಲಿದೆ. ಈ ಬಣ್ಣಕ್ಕೂ ಮಿತಿಯಿದೆ: ಲಯ ತಪ್ಪಿ ನಿಮಿಷಗಳಲ್ಲಿ ನಿಂತ ಹೃದಯದಲ್ಲಿ ಟ್ರೊಪೋನಿನ್ ಸೋರಲು ಸಮಯವೇ ಸಿಕ್ಕಿರುವುದಿಲ್ಲ, ನಿಜ. ಅಲ್ಲಿ ಈ ಬಣ್ಣ ಮೂಕ.

ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಏಪ್ರಿಲ್ ಬಿಸಿಲಿಗೆ ದೇಹ ಬೇಗ ಕೆಡುತ್ತದೆ, ಕೊಳೆತರೂ ಟ್ರೊಪೋನಿನ್ ನಶಿಸುತ್ತದೆ. ಹಾಗಾಗಿ ಬರಿದನ್ನೊಂದೇ ನಂಬುವಂತಿಲ್ಲ. ಸತ್ತ ಕೋಶದ ಮೇಲೆ ಬಂದು ಕೂರುವ ಸಿ5ಬಿ-9 ಎಂಬ, ರೋಗನಿರೋಧಕ ವ್ಯವಸ್ಥೆಯ ಕಾಂಪ್ಲಿಮೆಂಟ್ ಪ್ರೋಟೀನುಗಳ ಗುಂಪಿಗೂ ಪಕ್ಕದ ಸ್ಲೈಡಿನಲ್ಲಿ ಬಣ್ಣ ಹಾಕಬೇಕು: ಒಂದು ಹೋದ ಜಾಗಕ್ಕೆ ಇನ್ನೊಂದು ಬಂದಿದೆಯೇ ಎಂದು ನೋಡಲು. ತೇಪೆಯ ಆಕಾರವೂ ಮಾತಾಡುತ್ತದೆ. ಕೊಳೆತ ಅಂಗಾಂಶ ಎಲ್ಲೆಡೆ ಮಂಕಾಗುತ್ತದೆ. ಆಘಾತ ಒಂದು ರಕ್ತನಾಳದ ಹರವಿನೊಳಗೇ ನಿಲ್ಲುತ್ತದೆ. ಎಡ ಹೃತ್ಕುಕ್ಷಿಯ ತುಣುಕಿನ ಜೊತೆ ಬಲದ್ದೂ ಒಂದಿರಲಿ, ಎರಡೂ ಅಷ್ಟೇ ಹೊತ್ತು ಅದೇ ಬಿಸಿಲು ಕಂಡವು. ಬಲದಲ್ಲಿ ಕಂದು ಉಳಿದು ಎಡದಲ್ಲಷ್ಟೇ ಬರಿದಾಗಿದ್ದರೆ ತಪ್ಪನ್ನು ಬಿಸಿಲಿನ ಮೇಲೆ ಹೊರಿಸಲಾಗದು.