ಜ್ವರ ಇದೆಯಾ ಎಂದಷ್ಟೇ ಕೇಳಿದರು

ಲಕ್ಷ್ಮೀಶ ಕವಿಯ ಊರೆಂದು ಹೆಸರಾದ ದೇವನೂರು ಕಡೂರು ತಾಲ್ಲೂಕಿನ ಬಯಲುಸೀಮೆಗೆ ಸೇರಿದ್ದು. ಇಂಥ ಊರಿನಲ್ಲಿ ಕೂಲಿನಾಲಿ ಮಾಡಿ ವಯಸ್ಸಾದವರಿಗೆ ಸರ್ಕಾರಿ ಆಸ್ಪತ್ರೆ ಎಂದರೆ ಬಿಪಿ, ಶುಗರ್ ಮಾತ್ರೆ ಸಿಗುವ ಜಾಗ. ಚೀಟಿ ಮಾಡಿಸಿ ಸಾಲಿನಲ್ಲಿ ನಿಂತರೆ ಒಂದು ತಿಂಗಳಿನ ಚಿಂತೆ ಕಳೆಯಿತು. ‘ಸ್ಟಾಕ್ ಇಲ್ಲ’ ಎಂದರೆ ಕಡೂರಿನ ಬಸ್ಸು ಹತ್ತಬೇಕು, ಒಂದು ದಿನದ ಕೂಲಿ ಹೋಯಿತು. ಕೊರೊನಾ ಕಾಲದ ಐಸಿಯು ಹಾಸಿಗೆ, ಆಕ್ಸಿಜನ್ ಸಿಲಿಂಡರಿನ ಲೆಕ್ಕವನ್ನು ಬೇಕಾದಷ್ಟು ಜನ ಬರೆದಿದ್ದಾರೆ. ಈ ಮಾತ್ರೆಯ ಲೆಕ್ಕವನ್ನು ಕೇಳಿದವರು ಕಡಿಮೆ.

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಏಪ್ರಿಲ್ ನಡುವಿಗೆ ಕೇಂದ್ರ ಆರೋಗ್ಯ ಇಲಾಖೆ ಒಂದು ಮಾರ್ಗಸೂಚಿ ಹೊರಡಿಸಿತು: ದೀರ್ಘಕಾಲದ ಕಾಯಿಲೆಯವರಿಗೆ ಮೂರು ತಿಂಗಳವರೆಗಿನ ಮಾತ್ರೆಯನ್ನು ಒಟ್ಟಿಗೇ ಕೊಡಬಹುದು, ಆಶಾ ಕಾರ್ಯಕರ್ತೆಯರ ಮೂಲಕ ಮನೆಗೆ ತಲುಪಿಸಬಹುದು. ಬರವಣಿಗೆಯಾಗಿ ನೋಡಿದರೆ ಇದರಲ್ಲಿ ಹುಳುಕು ಹುಡುಕುವುದು ಕಷ್ಟ. ಅದೇ ಹೊತ್ತಿನಲ್ಲಿ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಒಂದೂವರೆ ಕೋಟಿಗೂ ಹೆಚ್ಚು ಮನೆಗಳ ಸಮೀಕ್ಷೆ ಮಾಡಿದರು. ಯಾವ ಮನೆಯಲ್ಲಿ ಮುದುಕರಿದ್ದಾರೆ, ಯಾರಿಗೆ ಶುಗರ್ ಇದೆ ಎಂಬುದೆಲ್ಲ ಪಟ್ಟಿಯಾಯಿತು. ಕೇಂದ್ರ ಸರ್ಕಾರ ಈ ಕೆಲಸವನ್ನು ಹೊಗಳಿತು. ಹೊಗಳಿಕೆಗೆ ತಕ್ಕ ಕೆಲಸವೇ ಅದು.

ನನ್ನ ತಕರಾರು ಆ ಪಟ್ಟಿಯ ಉದ್ದೇಶದ ಬಗ್ಗೆ. ಶುಗರ್ ಇರುವವರನ್ನು ಗುರುತಿಸಿದ್ದು ಕೊರೊನಾ ಬಂದರೆ ಅವರಿಗೆ ಅಪಾಯ ಹೆಚ್ಚು ಎಂಬ ಕಾರಣಕ್ಕೆ. ಶುಗರ್ ಎಂಬುದೇ ಅವರ ಕಾಯಿಲೆ, ಅದರ ಮಾತ್ರೆ ಮುಗಿದಿರಬಹುದು ಎಂಬುದು ಆ ಲೆಕ್ಕದಲ್ಲಿ ಹಿಂದೆ ಸರಿಯಿತು. ಬಾಗಿಲಿಗೆ ಬಂದವರು ಜ್ವರ ಇದೆಯಾ, ಕೆಮ್ಮು ಇದೆಯಾ ಎಂದು ಕೇಳಿದರು. ಕೇಳಲು ಹೇಳಿದ್ದೇ ಅಷ್ಟನ್ನು. ಬಂದ ಆಶಾ ಕಾರ್ಯಕರ್ತೆಯ ಸ್ಥಿತಿಯೂ ಅಷ್ಟಕ್ಕಷ್ಟೇ ಇತ್ತು. ಕೊರೊನಾ ಕೆಲಸಕ್ಕೆಂದು ಅವಳಿಗೆ ಕೇಂದ್ರ ಕೊಟ್ಟ ಹೆಚ್ಚುವರಿ ಹಣ ತಿಂಗಳಿಗೆ 1,000 ರೂಪಾಯಿ. ಆ ವರ್ಷದ ಜುಲೈಯಲ್ಲಿ ಆಶಾ ಕಾರ್ಯಕರ್ತೆಯರು 12,000 ರೂಪಾಯಿ ಗೌರವಧನ ಕೇಳಿ ಮುಷ್ಕರಕ್ಕೆ ಇಳಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ಭಯದ ಪಾಲೂ ಇತ್ತು. ಜ್ವರ, ನೆಗಡಿಯ ಮಾತ್ರೆ ಕೊಂಡವರ ಹೆಸರು, ಫೋನ್ ನಂಬರು ಬರೆದುಕೊಳ್ಳಬೇಕೆಂದು ಮೆಡಿಕಲ್ ಶಾಪುಗಳಿಗೆ ಆದೇಶವಾಯಿತು. ಸೋಂಕು ಪತ್ತೆಹಚ್ಚಲು ಮಾಡಿದ ನಿಯಮ ಜ್ವರ ಮುಚ್ಚಿಡುವುದನ್ನೂ ಕಲಿಸಿತು ಎಂದೇ ನನ್ನ ಅಂದಾಜು. ಕಡೂರು ಸೇರಿದ ಚಿಕ್ಕಮಗಳೂರು ಜಿಲ್ಲೆ ಮೇ 19ರವರೆಗೆ ಸೋಂಕಿಲ್ಲದ ಹಸಿರು ವಲಯದಲ್ಲಿತ್ತು. ರಾಜ್ಯದಲ್ಲಿ ಸಾರಿಗೆ ಬಸ್ಸುಗಳು ಮತ್ತೆ ಹೊರಟದ್ದೂ ಅದೇ ದಿನ. ಅಂದು ಜಿಲ್ಲೆಯಲ್ಲಿ ಪಾಸಿಟಿವ್ ಎಂದು ವರದಿ ಬಂದವರಲ್ಲಿ ಒಬ್ಬ ಸರ್ಕಾರಿ ವೈದ್ಯರೂ ಇದ್ದರು. ಅವರ ಬಳಿ ತೋರಿಸಿಕೊಂಡಿದ್ದ ನೂರಾರು ಜನ ಕ್ವಾರಂಟೈನ್ ಸೇರಿದರು. ಆಮೇಲಿನ ಪರೀಕ್ಷೆಗಳಲ್ಲಿ ವೈದ್ಯರಿಗೆ ನೆಗೆಟಿವ್ ಬಂತು. ಆದರೆ ಡಾಕ್ಟರ ಹತ್ತಿರ ಹೋದದ್ದಕ್ಕೇ ಮನೆಯವರಿಂದ ದೂರವಾಗಬೇಕಾಯಿತು ಎಂಬ ಸುದ್ದಿ ಜಿಲ್ಲೆಗೆಲ್ಲ ಹಬ್ಬಿಯಾಗಿತ್ತು. ಬಸ್ಸು ಬಂದರೂ ಆಸ್ಪತ್ರೆಗೆ ಹೋಗುವ ಧೈರ್ಯ ಎಲ್ಲಿಂದ ಬರಬೇಕು?

ದೇಶದ ಅಂಕಿಗಳು ಇದನ್ನೇ ಹೇಳುತ್ತವೆ. 2019ರಲ್ಲಿ 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರೆ 2020ರಲ್ಲಿ 18 ಲಕ್ಷ. ಕ್ಷಯ ಕಡಿಮೆಯಾಗಿರಲಿಲ್ಲ, ಕೆಮ್ಮುವವರನ್ನು ಬೇರೆ ಕಾರಣಕ್ಕೆ ಹುಡುಕುತ್ತಿದ್ದೆವು.

ಎರಡನೇ ಅಲೆಯಲ್ಲಿ ರಾಜ್ಯ ಸರ್ಕಾರ ‘ವೈದ್ಯರ ನಡೆ ಹಳ್ಳಿ ಕಡೆ’ ಕಾರ್ಯಕ್ರಮ ತಂದಿತು. ವಾಹನದಲ್ಲಿ ವೈದ್ಯರು, ವೈದ್ಯಕೀಯ ವಿದ್ಯಾರ್ಥಿಗಳು ಊರಿಗೇ ಬಂದು ಅಲ್ಲೇ ರ‍್ಯಾಪಿಡ್ ಪರೀಕ್ಷೆ ಮಾಡಿ ಔಷಧದ ಕಿಟ್ ಕೊಡುವ ಯೋಜನೆ. ವರದಿಗಾಗಿ ದಿನಗಟ್ಟಲೆ ಕಾಯುವುದು ತಪ್ಪಿತು, ಬಸ್ ಚಾರ್ಜು ಉಳಿಯಿತು. ಬಡವರ ಮಟ್ಟಿಗೆ ಇದು ಸಣ್ಣ ಮಾತಲ್ಲ. ಆದರೆ ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣ ಬಂದದ್ದು 2021ರ ಮೇ 5ರಂದು. ಕಾರ್ಯಕ್ರಮ ಶುರುವಾದದ್ದು ಆ ನೆರೆ ಇಳಿಯತೊಡಗಿದ ಮೇಲೆ. ಊರಿನವರೆಗೆ ಬಂದ ವೈದ್ಯರ ಚೀಲದಲ್ಲಿ ಕೊರೊನಾ ಕಿಟ್ಟಿನ ಜೊತೆಗೆ ಒಂದು ಬಿಪಿ ಉಪಕರಣ, ಮೂರು ತಿಂಗಳ ಮಾತ್ರೆ ಇಡಲು ಏನು ಅಡ್ಡಿಯಿತ್ತು? ಅದೂ ಕಡ್ಡಾಯ ಎಂದು ಯೋಜನೆಯಲ್ಲೇ ಬರೆದಿದ್ದರೆ, ಅಲೆ ಇಳಿದ ಮೇಲೂ ವಾಹನ ಓಡಲು ಒಂದು ಕಾರಣ ಉಳಿಯುತ್ತಿತ್ತು. ತಡವಾದದ್ದಕ್ಕಿಂತ ಇದು ದೊಡ್ಡ ಲೋಪ.

ಆಮೇಲೆ 2022ರ ಡಿಸೆಂಬರಿನಲ್ಲಿ ‘ನಮ್ಮ ಕ್ಲಿನಿಕ್’ ಬಂತು. ನಗರ, ಪಟ್ಟಣದ ಬಡವರಿಗೆ ಒಟ್ಟು 438 ಕ್ಲಿನಿಕ್ ಎಂದು ಘೋಷಣೆ. ಬೆಳಿಗ್ಗೆ 9ರಿಂದ ಸಂಜೆ 4.30ರವರೆಗೆ ಎಂದು ಹೊತ್ತು ಗೊತ್ತುಮಾಡಿದವರು ಕೂಲಿಗೆ ಹೋಗುವವರನ್ನು ಕೇಳಿದಂತೆ ಕಾಣುವುದಿಲ್ಲ. ಹಳ್ಳಿಗಂತೂ ಅದು ಸಂಬಂಧಿಸಿದ್ದಲ್ಲ. ಮೂವತ್ತು ದಾಟಿದವರ ಬಿಪಿ, ಶುಗರನ್ನು ಮನೆಯಲ್ಲೇ ನೋಡಿ ಮಾತ್ರೆಯನ್ನೂ ಅಲ್ಲೇ ಕೊಡುವ ‘ಗೃಹ ಆರೋಗ್ಯ’ ಕೋಲಾರದಲ್ಲಿ ಆರಂಭವಾದದ್ದು 2024ರ ಅಕ್ಟೋಬರಿನಲ್ಲಿ. 2020ರ ಏಪ್ರಿಲಿನಲ್ಲೇ ಬರೆದಿಟ್ಟಿದ್ದ ಸೂಚನೆಯ ಮುಖ್ಯಾಂಶ ಒಂದು ಯೋಜನೆಯಾಗಲು ನಾಲ್ಕೂವರೆ ವರ್ಷ ಹಿಡಿಯಿತು.

ಯೋಜನೆ ಒಳ್ಳೆಯದೇ. ಅದು ನಿಲ್ಲುವುದು, ಬೀಳುವುದು ಮಾತ್ರೆಯ ದಾಸ್ತಾನಿನ ಮೇಲೆ. ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿ: ನಮ್ಮೂರಿನವರಿಗೆ ಬೇಕಾದ ಬಿಪಿ, ಶುಗರ್ ಮಾತ್ರೆ ಇವತ್ತು ಎಷ್ಟು ದಿನಕ್ಕಾಗುವಷ್ಟಿದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.